ಜಗಲಿಯಿಂದ ಅಂಗಡಿಗೆ: ಶಿರಸಿ ಸೀಮೆಯ ಸಾಲುಮನೆಗಳ ವಾಸ್ತು ಪರಿವರ್ತನೆ

ಉತ್ತರ ಕನ್ನಡ ಜಿಲ್ಲೆಯ ಜಾನಪದ ಅಧ್ಯಯನಕ್ಕೆ ಗಟ್ಟಿಯಾದ ಪರಂಪರೆಯಿದೆ. ಡಾ. ಎಲ್.ಆರ್. ಹೆಗಡೆ, ಡಾ. ಎನ್.ಆರ್. ನಾಯಕ, ಶಾಂತಿ ನಾಯಕ ಮೊದಲಾದವರು ಈ ನೆಲದ ಹಾಡು, ಕಥೆ, ಆಚರಣೆಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿಕೊಟ್ಟಿದ್ದಾರೆ. ಆದರೆ ಆ ಹಾಡು ಹುಟ್ಟಿದ ಜಗಲಿ, ಕಥೆ ನಡೆದ ನಡುಮನೆ, ಅವುಗಳನ್ನು ಹೊತ್ತ ಮುಂಡಿಗೆ, ತೊಲೆ, ಹೊಸ್ತಿಲುಗಳು ಅಧ್ಯಯನದ ವಸ್ತುವಾದದ್ದು ಕಡಿಮೆ. ವಾಸದ ಮನೆಯ ಬಗ್ಗೆ ಬರೆದಾಗಲೂ ನಮ್ಮ ಗಮನ ಚೌಕಿಮನೆಯ ಮೇಲೆ ನಿಂತಿತು. ಪೇಟೆಯ ಬೀದಿಗೆ ಮುಖಮಾಡಿ, ಒಂದಕ್ಕೊಂದು ಗೋಡೆ ಹಂಚಿಕೊಂಡು ನಿಂತ, ಮುಂದೆ ಅಂಗಡಿ ಹಿಂದೆ ಸಂಸಾರವಿರುವ ಸಾಲುಮನೆ ಯಾರ ವ್ಯಾಪ್ತಿಗೂ ಬರಲಿಲ್ಲ. ಜಾನಪದ ವಿದ್ವಾಂಸರಿಗೆ ಅದು ಕೆಟ್ಟುಹೋದ ಮನೆ; ಇತಿಹಾಸಕಾರರಿಗೆ ಶಾಸನವಿಲ್ಲದ ಕಟ್ಟಡ.

'ಅಂಗಡಿ ಬಂದು ಮನೆ ಹಾಳಾಯಿತು' ಎಂಬ ಮಾತು ನಮ್ಮಲ್ಲಿ ಬಹಳ ಕಾಲದಿಂದ ಚಲಾವಣೆಯಲ್ಲಿದೆ. ಪ್ರಸ್ತುತ ಪ್ರಬಂಧದ ನಿಲುವು ಅದಕ್ಕೆ ಭಿನ್ನವಾದುದು. ಶಿರಸಿ ಸೀಮೆಯ ಸಾಲುಮನೆಯಲ್ಲಿ ಅಂಗಡಿಯು ಹೊರಗಿನಿಂದ ನುಗ್ಗಿ ಬಂದುದಲ್ಲ. ಅದು ಜಗಲಿಯಿಂದಲೇ ಬೆಳೆದುದು. ಜಗಲಿಯನ್ನು ಉಳಿಸಿಕೊಂಡ ಅಂಗಡಿ ಮನೆಯನ್ನೂ ಉಳಿಸಿತು. ಜಗಲಿಯನ್ನು ಕಡಿದ ಅಂಗಡಿ, ಬಹುಮಟ್ಟಿಗೆ 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಂದದ್ದು, ಮನೆಯನ್ನಷ್ಟೇ ಅಲ್ಲ, ಇಡೀ ಸಾಲನ್ನೇ ಅಪಾಯಕ್ಕೆ ಒಡ್ಡಿತು.

ಅಂಕಣ ಮತ್ತು ಜಗಲಿ

ಮಾತನ್ನು ಪೇಟೆಯಿಂದಲ್ಲ, ಹಳ್ಳಿಯಿಂದ ಆರಂಭಿಸಬೇಕು. ಶಿರಸಿ ತಾಲ್ಲೂಕಿನ ಹೆಗಡೆಕಟ್ಟಾ ಮತ್ತು ಅದರ ನೆರೆಯ ತೋಟಪಟ್ಟಿಯ ಊರುಗಳಲ್ಲಿ ಕಣಿವೆಯ ತಗ್ಗು ಅಡಿಕೆ ತೋಟಕ್ಕೆ ಮೀಸಲು. ಅದರ ಮೇಲಿನ ದಿಬ್ಬದ ಅಂಚಿನಲ್ಲಿ ಮನೆ. ಮನೆಯ ಹಿಂದೆ ಏರುತ್ತ ಹೋಗುವ ಸೊಪ್ಪಿನ ಬೆಟ್ಟ. ಮನೆ ಕಟ್ಟಲು ದೊರೆಯುವ ಸಮತಟ್ಟು ಜಾಗ ಉದ್ದಕ್ಕೆ ಇರುತ್ತದೆಯೇ ಹೊರತು ಅಗಲಕ್ಕಲ್ಲ. ಆದ್ದರಿಂದ ಕುಟುಂಬ ಬೆಳೆದಂತೆ ಮನೆಯೂ ಉದ್ದಕ್ಕೇ ಬೆಳೆಯಿತು.

ಇಲ್ಲಿ ಮನೆಯ ಅಳತೆ ಅಂಕಣ. ಎರಡು ಕಂಬಗಳ ಅಥವಾ ಎರಡು ತೊಲೆಗಳ ನಡುವಿನ ಅವಕಾಶವೇ ಅಂಕಣ. ಐದು ಅಂಕಣದ ಮನೆ, ಏಳು ಅಂಕಣದ ಮನೆ ಎಂದು ಎಣಿಸುವ ರೂಢಿ. (ಪತ್ರಿಕೆಯ ಅಂಕಣಕಾರರು ತಮ್ಮ ವೃತ್ತಿನಾಮವು ಬಡಗಿಯ ಮನೆಯಿಂದ ಬಂದುದೆಂದು ನೆನಪಿಟ್ಟುಕೊಂಡರೆ ಒಳ್ಳೆಯದು.) ಅಣ್ಣತಮ್ಮಂದಿರು ಹಿಸೆಯಾದಾಗ ಮನೆಯೂ ಅಂಕಣದ ಲೆಕ್ಕದಲ್ಲಿ ಪಾಲಾಗುತ್ತದೆ. ಒಳಗೆ ಅಡ್ಡಗೋಡೆ ಏಳುತ್ತದೆ, ಹೊಸ ಒಲೆ ಹೂಡಲಾಗುತ್ತದೆ, ಹೊಸ ಬಾಗಿಲು ತೆರೆಯುತ್ತದೆ. ಆದರೆ ಮಾಡು ಒಂದೇ ಉಳಿಯುತ್ತದೆ. ಮುಂದಿನ ಜಗಲಿಯೂ ಎಷ್ಟೋ ಕಡೆ ಕಡಿಯದೆ ಒಂದೇ ಆಗಿ ಉಳಿಯುತ್ತದೆ. ಒಲೆ ಬೇರೆ, ಜಗಲಿ ಒಂದು. ಸಾಲುಮನೆ ಎಂಬ ವಾಸ್ತುರೂಪದ ಒಂದು ಮೂಲ ಇಲ್ಲಿದೆ. ಪೇಟೆಯ ಸಾಲುಮನೆಗೆ ನಗರ ಯೋಜನೆಯ ಮಾದರಿಯನ್ನು ಹುಡುಕುವ ಮೊದಲು ಹಳ್ಳಿಯ ಈ ಹಿಸೆಮನೆಯನ್ನು ನೋಡಬೇಕಾಗಿದೆ.

ಮನೆಯ ಒಳವಿನ್ಯಾಸ ಎಲ್ಲರಿಗೂ ತಿಳಿದಿರುವಂಥದೇ: ಹೊರಜಗಲಿ, ಪ್ರಧಾನ ಬಾಗಿಲು, ಒಳಜಗಲಿ, ನಡುಮನೆ, ದೇವರ ಕೋಣೆ, ಅಡಿಗೆಮನೆ, ಹಿಂದೆ ಬಚ್ಚಲು, ಹಿತ್ತಲು, ಕೊಟ್ಟಿಗೆ, ಮೇಲೆ ಮೆತ್ತು. ಇವುಗಳಲ್ಲಿ ಹೊರಜಗಲಿಯ ಸ್ವರೂಪ ವಿಶಿಷ್ಟವಾದುದು. ಅದು ಮನೆಯದು, ಆದರೆ ಮನೆಯವರದಷ್ಟೇ ಅಲ್ಲ. ದಾರಿಹೋಕ ಕುಳಿತು ನೀರು ಬೆಲ್ಲ ಪಡೆಯುವುದು, ಕವಳ ಹಾಕುವುದು, ಪಂಚಾಯ್ತಿ ಕೂಡುವುದು, ತಾಳಮದ್ದಳೆ ನಡೆಯುವುದು, ಅಡಿಕೆ ವ್ಯಾಪಾರಿ ಬಂದು ಮಾದರಿ ನೋಡಿ ದರ ಹೇಳುವುದು ಎಲ್ಲವೂ ಅಲ್ಲಿಯೇ. ಅಂದರೆ ಕ್ರಯವಿಕ್ರಯವು ಅಂಗಡಿ ಎಂಬ ಹೆಸರು ಬರುವ ಮೊದಲೇ ಜಗಲಿಗೆ ಬಂದಿತ್ತು.

ಜಗಲಿಯನ್ನು ಕುರಿತು ಇತ್ತೀಚೆಗೆ ಹಂಬಲದ ಬರಹಗಳು ಹೆಚ್ಚಾಗಿವೆ. ಅವುಗಳನ್ನು ಓದುವಾಗ ಒಂದು ಸಂಗತಿಯನ್ನು ಮರೆಯಬಾರದು. ಜಗಲಿ ಎಲ್ಲರನ್ನೂ ಕೂರಿಸಿಕೊಳ್ಳಲಿಲ್ಲ. ಯಾರು ಒಳಜಗಲಿಗೆ, ಯಾರು ಹೊರಜಗಲಿಗೆ, ಯಾರು ಮೆಟ್ಟಿಲಿಗೆ, ಯಾರು ಅಂಗಳದ ಅಂಚಿಗೆ ಎಂಬುದು ಜಾತಿಯಿಂದ ನಿಗದಿಯಾಗಿತ್ತು. ಕೆಲಸಕ್ಕೆ ಬಂದವನು ಅಂಗಳದಲ್ಲೇ ನಿಂತು ಮಾತಾಡಬೇಕಿತ್ತು. ಜಗಲಿ ಅಂಗಡಿಯಾದಾಗ ಈ ಶ್ರೇಣಿ ಅಳಿಯಿತೆಂದು ಹೇಳಲಾಗದು. ಆದರೆ ಅದರ ಮೆಟ್ಟಿಲುಗಳು ಕಡಿಮೆಯಾದವು. ಬೀದಿಯಲ್ಲಿ ನಿಂತ ಗಿರಾಕಿಗಳೆಲ್ಲರ ಕಾಲಕೆಳಗಿನ ನೆಲ ಒಂದೇ ಮಟ್ಟದ್ದು. ಈ ಬದಲಾವಣೆಯನ್ನು ಗಣಿಸದೆ ಜಗಲಿಯ ನಾಶಕ್ಕೆ ಮರುಗುವುದು ಅರ್ಧ ಇತಿಹಾಸ ಮಾತ್ರ.

ಪೇಟೆಯ ರಚನೆ

ಸೋದೆ ಅರಸರ ಕಾಲದಲ್ಲಿ ಈ ಸೀಮೆಯ ರಾಜಧಾನಿ ಸೋದೆಯೇ ಆಗಿತ್ತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಬಳಿಕ ಸೋದೆಯನ್ನೂ ವಶಪಡಿಸಿಕೊಂಡನು. ಅರಸು ಮನೆತನ ಗೋವೆಗೆ ಹೋಗಿ ನೆಲೆಸಿತು. 1799ರಲ್ಲಿ ಟಿಪ್ಪುವಿನ ಪತನಾನಂತರ ಈ ಪ್ರದೇಶ ಕಂಪನಿ ಸರಕಾರಕ್ಕೆ ಸೇರಿತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಮಾರ್ಗವಾಗಿ ಸಂಚರಿಸಿದನು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಸೋದೆ ಮಠಗಳ ಕ್ಷೇತ್ರವಾಗಿ ಉಳಿಯಿತು. ಶಿರಸಿ ಕಚೇರಿಗಳ, ವ್ಯಾಪಾರದ ಊರಾಗಿ ಬೆಳೆಯಿತು.

ಈ ಬೆಳವಣಿಗೆಗೆ ದಾರಿಯೇ ಮುಖ್ಯ ಕಾರಣ. ಧಾರವಾಡ ಸೀಮೆಯ ಹತ್ತಿಯು ಶಿರಸಿಯ ಮೂಲಕ ದೇವಿಮನೆ ಘಟ್ಟವಿಳಿದು ಕುಮಟಾ ಬಂದರಕ್ಕೆ, ಅಲ್ಲಿಂದ ಮುಂಬಯಿಗೆ ಹೋಗುತ್ತಿತ್ತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಈ ವ್ಯಾಪಾರ ಏರಿತು. ಕುಮಟಾ ಎಂಬುದು ಹತ್ತಿಯ ಒಂದು ತಳಿಯ ಹೆಸರೇ ಆಯಿತು. ಸಾವಿರಾರು ಎತ್ತಿನ ಗಾಡಿಗಳು ಸಾಗುವ ದಾರಿಯಲ್ಲಿ ಹುಲ್ಲು, ನೀರು, ಅನ್ನ, ರಾತ್ರಿಯ ತಂಗುದಾಣ ಇವೆಲ್ಲ ಬೇಕಾಗುತ್ತವೆ. ದಾರಿಗೆ ಮುಖಮಾಡಿದ ಜಗಲಿಗಳಿಗೆ ಆಗ ಬೆಲೆ ಬರುವುದು ಸಹಜ. 1888ರಲ್ಲಿ ಮರ್ಮಗೋವಾ ಬಂದರಕ್ಕೆ ರೈಲು ಸಂಪರ್ಕವಾದ ಮೇಲೆ ಹತ್ತಿ ಆ ಕಡೆ ತಿರುಗಿತು, ಕುಮಟಾ ಇಳಿಯಿತು. ಶಿರಸಿ ಇಳಿಯಲಿಲ್ಲ. ಏಕೆಂದರೆ ಅದರ ಬೆನ್ನಿಗೆ ಅಡಿಕೆ, ಕಾಳುಮೆಣಸು, ಏಲಕ್ಕಿಗಳ ತೋಟಸೀಮೆ ಇತ್ತು.

ಇನ್ನೊಂದು ಕಾರಣ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಫಾಲ್ಗುಣದಲ್ಲಿ ದೇವಿಯು ಗುಡಿಯಿಂದ ಹೊರಟು ರಥವೇರಿ ಬಿಡ್ಕಿಬೈಲಿನ ಗದ್ದುಗೆಯಲ್ಲಿ ಕೂರುತ್ತಾಳೆ. ಜಾತ್ರೆಯ ಊರುಗಳಲ್ಲೆಲ್ಲ ಆ ದಿನಗಳ ಮಟ್ಟಿಗೆ ಮನೆಯ ಜಗಲಿಯನ್ನು ಬಳೆಗಾರನಿಗೋ ಪಾತ್ರೆಯವನಿಗೋ ಬಿಟ್ಟುಕೊಡುವ ರೂಢಿಯುಂಟು. ಹೀಗೆ ಕೆಲದಿನಕ್ಕೆ ಬಿಟ್ಟುಕೊಟ್ಟ ಜಗಲಿ ಮುಂದೆ ತಿಂಗಳಿಗೆ, ವರ್ಷಕ್ಕೆ ಬಾಡಿಗೆಗೆ ಹೋಗುವುದು ದೊಡ್ಡ ಹೆಜ್ಜೆಯಲ್ಲ. ಶಾಶ್ವತ ಅಂಗಡಿಗೆ ಜಾತ್ರೆಯ ತಾತ್ಕಾಲಿಕ ಅಂಗಡಿಯೇ ಪೂರ್ವಾಭ್ಯಾಸವಾಗಿತ್ತೆಂಬುದು ನನ್ನ ಊಹೆ.

ಮೂರನೆಯದು ಹಂಚು. ಸೋಗೆ ಹೊದಿಸಿದ ಮನೆಗಳನ್ನು ಒತ್ತಾಗಿ ಸಾಲುಗಟ್ಟಿಸುವುದು ಬೆಂಕಿಗೆ ಆಹ್ವಾನ. ನಾಡಹಂಚು ಆ ಭಯವನ್ನು ತಗ್ಗಿಸಿದ್ದರೂ ವರ್ಷವರ್ಷವೂ ಕೈಯಾಡಿಸದೆ ನಿಲ್ಲುತ್ತಿರಲಿಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮುಂದಿನ ದಶಕಗಳಲ್ಲಿ ಮಂಗಳೂರು ಹಂಚು ಘಟ್ಟ ಹತ್ತಿತು. ಒಂದಕ್ಕೊಂದು ಕಚ್ಚಿಕೊಳ್ಳುವ ಈ ಹಂಚಿನಿಂದ ಬೀದಿಯುದ್ದಕ್ಕೂ ಒಂದೇ ಮಾಡನ್ನು ನಿಲ್ಲಿಸುವುದು ಸುಲಭವಾಯಿತು. ಸಾಲಿನ ಮಾಡಿನ ನೆತ್ತಿ ಬೀದಿಗೆ ಸಮಾನಾಂತರವಾಗಿರುತ್ತದೆ. ಮಳೆನೀರು ಅರ್ಧ ಬೀದಿಗೆ, ಅರ್ಧ ಹಿತ್ತಲಿಗೆ. ಎರಡು ಮನೆಗಳ ನಡುವೆ ನೀರು ನಿಲ್ಲಲು ಎಡೆಯೇ ಇಲ್ಲ. ನಾಲ್ಕು ತಿಂಗಳು ಬಿಡದೆ ಸುರಿಯುವ ಊರಿನಲ್ಲಿ ಇದಕ್ಕಿಂತ ಜಾಣ ಉಪಾಯ ಬೇರೊಂದಿರಲಾರದು. ಈ ಸಂಗತಿಗೆ ಮುಂದೆ ಮರಳಬೇಕಾಗಿದೆ.

ಅಂಗಡಿಮನೆಯ ಅಂಗರಚನೆ

ಜಗಲಿ ಅಂಗಡಿಯಾಗಲು ಬೇಕಾದದ್ದು ಬಹಳವೇನಿಲ್ಲ. ಮುಂಡಿಗೆಗಳ ಮೇಲ್ತೊಲೆಗೂ ಜಗಲಿಯ ಅಂಚಿನ ಮರದ ಪಟ್ಟಿಗೂ ಉದ್ದಕ್ಕೆ ತೋಡು ಕೊರೆದರೆ ಹಲಗೆಗಳನ್ನು ನಿಲ್ಲಿಸಬಹುದು. ಬೆಳಿಗ್ಗೆ ಒಂದೊಂದಾಗಿ ತೆಗೆದು ಒಳಗೆ ಒರಗಿಸುವುದು, ರಾತ್ರಿ ಮರಳಿ ಜೋಡಿಸುವುದು. ಕೈಯಿಂದ ಕೊಯ್ದ ಹಲಗೆಗಳಾದ್ದರಿಂದ ಎರಡು ಹಲಗೆಗಳು ಒಂದೇ ಅಳತೆಯವಾಗಿರುವುದಿಲ್ಲ. ಕ್ರಮ ತಪ್ಪಿದರೆ ಕೊನೆಯದು ಕೂರುವುದಿಲ್ಲ. ಅದಕ್ಕಾಗಿ ಅಂಕಿ ಕೆತ್ತಿರುತ್ತಾರೆ, ಇಲ್ಲವೆ ಉಳಿಯಿಂದ ಗೀಟು ಹಾಕಿರುತ್ತಾರೆ. ಮನೆಯ ರಚನೆಗೆ ಈ ಕೆಲಸದಿಂದ ಯಾವ ಧಕ್ಕೆಯೂ ಇಲ್ಲ. ಹಲಗೆಗೆ ಕಂಬ ಬೇಕು. ಆದ್ದರಿಂದ ಕಂಬ ಉಳಿಯಿತು. ಕಂಬದಿಂದ ಕಂಬಕ್ಕೆ ಒಂದು ಅಂಗಡಿ, ಅಂದರೆ ಅಂಕಣಕ್ಕೊಂದು ಅಂಗಡಿ. ಹಿಸೆಯ ಅಳತೆಯೇ ಬಾಡಿಗೆಯ ಅಳತೆಯೂ ಆಯಿತು.

ಜಗಲಿಯ ಎತ್ತರವೂ ಅರ್ಥವಿಲ್ಲದ್ದಲ್ಲ. ಬೀದಿಯ ನೀರು ಹತ್ತದಿರಲೆಂದು ಅದನ್ನು ಮೊಣಕಾಲಿಗಿಂತ ಮೇಲೆ ಏರಿಸಿ ಕಟ್ಟುತ್ತಾರೆ. ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ ವ್ಯಾಪಾರಿಯ ಕಣ್ಣು, ಬೀದಿಯಲ್ಲಿ ನಿಂತ ಗಿರಾಕಿಯ ಕಣ್ಣಿನ ಮಟ್ಟಕ್ಕೆ ಹೆಚ್ಚುಕಡಿಮೆ ಸರಿಯಾಗುತ್ತದೆ. ತಕ್ಕಡಿ ಇಬ್ಬರಿಗೂ ಕಾಣುತ್ತದೆ.

ವೃತ್ತಿಗೆ ತಕ್ಕಂತೆ ಮನೆಯ ಬೇರೆ ಬೇರೆ ಭಾಗಗಳು ಅಂಗಡಿಯ ಪಾಲಾದವು. ದಿನಸಿ ಅಂಗಡಿಗೆ ಹೊರಜಗಲಿ ಸಾಕು, ದಾಸ್ತಾನಿಗೆ ಒಳಜಗಲಿ. ಜವಳಿಯವನಿಗೆ ಬಟ್ಟೆ ಹರಡಿ ತೋರಿಸಲು ಗಾದಿ ಬೇಕು, ಗಿರಾಕಿ ಮೇಲೆ ಬಂದು ಕೂರಬೇಕು. ಹಾಗಾಗಿ ಜಗಲಿಗೆ ಮೆಟ್ಟಿಲು ಬಂದಿತು, ಪ್ರಧಾನ ಬಾಗಿಲು ಒಂದು ಪಕ್ಕಕ್ಕೆ ಸರಿಯಿತು. ಬಂಗಾರದ ಕೆಲಸದವನು ಜಗಲಿಯ ಒಂದು ಮೂಲೆಯಷ್ಟನ್ನೇ ಬಳಸಿ, ತಿಜೋರಿಯನ್ನು ನಡುಮನೆಯಲ್ಲಿ ಇಟ್ಟುಕೊಂಡನು. ಅಡಿಕೆ ವಖಾರಿಗೆ ಬೇಕಾದದ್ದು ಬೆಚ್ಚಗಿನ, ತೇವ ತಗಲದ ಜಾಗ. ಅದು ಮೆತ್ತಿನ ಮೇಲೆ ಹೋಯಿತು. ಮನೆಯನ್ನು ಪೂರ್ಣವಾಗಿ ನುಂಗಿದ್ದು ಖಾನಾವಳಿ ಒಂದೇ. ಒಲೆ ಹಿಂದೆ, ಊಟ ನಡುವೆ, ಹಣದ ಪೆಟ್ಟಿಗೆ ಮುಂದೆ. ಮನೆಯ ಹಳೆಯ ಕ್ರಮ ಹಾಗೆಯೇ ಉಳಿದು, ಮನೆಯವರು ಮಾತ್ರ ಮೆತ್ತಿಗೆ ಏರಿದರು.

ಈ ಕಟ್ಟಡದ ಭಾಷೆಯಲ್ಲಿಯೇ ಅದರ ಬೆಸುಗೆ ಕಾಣುತ್ತದೆ. ಜಗಲಿ, ಅಂಕಣ, ಮುಂಡಿಗೆ, ಹೊಸ್ತಿಲು, ಮೆತ್ತು, ಹಿತ್ತಲು ಇವು ಕನ್ನಡದ ಮನೆಮಾತುಗಳು. ಗಿರಾಕಿ, ಗಲ್ಲಾ, ವಖಾರಿ, ಕಿರ್ದಿ, ಖತಾವಣಿ ಇವು ಮರಾಠಿಯ ಹಾಗೂ ಮುಂಬಯಿ ಪ್ರಾಂತದ ಆಡಳಿತದ ದಾರಿಯಿಂದ ಬಂದವು. ಕೊಂಕಣಿ, ಉರ್ದು, ಮರಾಠಿ, ಕನ್ನಡ ಮನೆಮಾತಿನವರು ಒಂದೇ ಸಾಲಿನಲ್ಲಿ ಅಂಗಡಿ ಇಟ್ಟುದರಿಂದ ಈ ಪದಗಳು ಎಲ್ಲರಿಗೂ ಸಾಮಾನ್ಯವಾದವು. ಎರಡು ಪದಸಮೂಹಗಳು ಕೂಡುವ ಗೆರೆ ಜಗಲಿಯೇ: ಅದರಿಂದ ಒಳಗೆ ಮನೆಯ ನುಡಿ, ಹೊರಗೆ ವ್ಯವಹಾರದ ನುಡಿ. 'ಅಂಗಡಿ' ಎಂಬ ಪದವೊಂದು ಮಾತ್ರ ಹಳೆಯದಾಗಿಯೂ ಹೊರಗಿನ ಸಾಲಿನಲ್ಲಿ ನಿಂತಿದೆ.

ಆಚರಣೆಗಳಲ್ಲಿ ಈ ಗೆರೆ ಇನ್ನೂ ಸ್ಪಷ್ಟವಾಗಿದೆ. ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು, ಸುಣ್ಣ, ಸೂಜಿ ಮನೆಯಿಂದ ಹೊರಗೆ ಕೊಡಬಾರದೆಂಬ ನಂಬಿಕೆ ಎಲ್ಲೆಡೆ ಇದೆ. ಸಂಜೆಯ ಹೊತ್ತಿಗೇ ಉಪ್ಪಿನ ವ್ಯಾಪಾರ ಹೆಚ್ಚಾಗಿರುವ ಅಂಗಡಿ ಮನೆಯೊಳಗೇ ಇದ್ದರೆ ಏನು ಮಾಡಬೇಕು? ಎರಡು ಹೊಸ್ತಿಲುಗಳು ಈ ತೊಡಕನ್ನು ಬಿಡಿಸುತ್ತವೆ. ಹಲಗೆ ನಿಲ್ಲಿಸುವ ಮರದ ಪಟ್ಟಿ ಅಂಗಡಿಯ ಹೊಸ್ತಿಲು. ಪ್ರಧಾನ ಬಾಗಿಲಿನದು ಮನೆಯ ಹೊಸ್ತಿಲು. ಬೆಳಗಿನ ನೀರು, ರಂಗೋಲಿ, ಅರಿಶಿನ ಕುಂಕುಮ ಒಳಹೊಸ್ತಿಲಿಗೆ, ಹೆಂಗಸರ ಕೈಯಿಂದ. ಬೋಣಿಯ ಹಣವನ್ನು ಕಣ್ಣಿಗೊತ್ತಿಕೊಳ್ಳುವುದು, ಊದುಬತ್ತಿ ಬೆಳಗುವುದು ಹೊರಗೆ, ಗಂಡಸರ ಕೈಯಿಂದ. ದೀಪಾವಳಿಯಲ್ಲಿ ಮನೆಯೊಳಗೆ ಬಲೀಂದ್ರನ ಪೂಜೆ; ಗಲ್ಲಾದ ಬಳಿ ಲಕ್ಷ್ಮೀಪೂಜೆ, ಹೊಸ ಲೆಕ್ಕದ ಪುಸ್ತಕ. ಒಂದು ಮಾಡಿನ ಕೆಳಗೆ ಎರಡು ವಿಧಿವಿಧಾನಗಳು ಬಾಳಲು ವಾಸ್ತುವೇ ಎಡೆಮಾಡಿತು. ಬಾಡಿಗೆದಾರನು ಬೇರೆ ಮತದವನಾದಾಗಲೂ ಈ ಏರ್ಪಾಡು ಕೆಡಲಿಲ್ಲವೆಂಬುದು ಗಮನಾರ್ಹ.

ಘಟ್ಟದ ಕೆಳಗೆ ಗೋಕರ್ಣದ ರಥಬೀದಿಯಲ್ಲಿ ಇದೇ ರೂಪದ ಇನ್ನೊಂದು ಬಗೆಯಿದೆ. ಅಲ್ಲಿಯ ಉಪಾಧಿವಂತರ ಮನೆಗಳ ಜಗಲಿ ಯಾತ್ರಿಕರಿಗಾಗಿ ಮೊದಲೇ ತೆರೆದಿತ್ತು. ಪೂಜೆಗೆ ಬಂದವರನ್ನು ಉಳಿಸಿಕೊಂಡು ಉಣಿಸುವುದು ವೃತ್ತಿಯ ಭಾಗವೇ ಆಗಿದ್ದುದರಿಂದ, ಮುಂದೆ ಪ್ರವಾಸಿಗಳು ಹೆಚ್ಚಿದಾಗ ಜಗಲಿಗಳಲ್ಲಿ ಪೂಜಾಸಾಮಗ್ರಿ, ಬಟ್ಟೆ, ಪುಸ್ತಕಗಳ ಅಂಗಡಿಗಳು ಬಂದವು. ಶಿರಸಿಯಲ್ಲಿ ಗಾಡಿ ಮತ್ತು ಅಡಿಕೆ ಮಾಡಿದ ಕೆಲಸವನ್ನು ಅಲ್ಲಿ ಯಾತ್ರೆ ಮಾಡಿತು.

ಬಾಡಿಗೆ, ಹಿಸೆ ಮತ್ತು ಉಳಿವು

ಶಿರಸಿಯಲ್ಲಿ 1923ರಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಸ್ಥಾಪನೆಯಾಯಿತು. 1966ರಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಬಂದಿತು. ಅಡಿಕೆಯ ಸಗಟು ವ್ಯಾಪಾರ ಸಾಹುಕಾರರ ಮೆತ್ತಿನಿಂದ ಕ್ರಮೇಣ ಸಂಘದ ಮತ್ತು ಮಾರುಕಟ್ಟೆಯ ಪ್ರಾಂಗಣಕ್ಕೆ ಇಳಿಯಿತು. ವಖಾರಿಗಳು ಖಾಲಿಯಾದಂತೆ ಪೇಟೆಯ ಮನೆಗಳಿಗೆ ಚಿಲ್ಲರೆ ಅಂಗಡಿಯ ಬಾಡಿಗೆಯೇ ಆಧಾರವಾಯಿತು.

ಬಾಡಿಗೆಯ ಕಾನೂನು ಕಟ್ಟಡದ ಇತಿಹಾಸವೂ ಹೌದು. ಜಿಲ್ಲೆಯು 1956ರವರೆಗೆ ಮುಂಬಯಿಗೆ ಸೇರಿದ್ದುದರಿಂದ 1947ರ ಮುಂಬಯಿ ಬಾಡಿಗೆ ಕಾಯ್ದೆ, ಅನಂತರ ಮೈಸೂರು ರಾಜ್ಯದ 1961ರ ಕಾಯ್ದೆ ಈ ವಿಷಯಕ್ಕೆ ಸಂಬಂಧಿಸಿದವು. ಬಾಡಿಗೆ ಏರದು, ಬಾಡಿಗೆದಾರ ಏಳನು; ಹಾಗಿರುವಾಗ ಒಡೆಯನು ಮನೆ ಕೆಡವಿ ಕಟ್ಟುವುದೂ ಇಲ್ಲ, ಚೆನ್ನಾಗಿ ದುರಸ್ತಿ ಮಾಡುವುದೂ ಇಲ್ಲ. ಇಂಥ ಮನೆಗಳನ್ನು ಆಲಸ್ಯ ಕಾಪಾಡಿತೆಂದರೂ ತಪ್ಪಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದಿತು. ಕಾಯ್ದೆ ಅನ್ವಯಿಸುವ ಪಟ್ಟಣಗಳಲ್ಲಿ 14 ಚದರ ಮೀಟರಿಗಿಂತ ದೊಡ್ಡ ವಾಣಿಜ್ಯ ಮಳಿಗೆಗಳು ಅದರ ರಕ್ಷಣೆಯಿಂದ ಹೊರಗಾದವು. ಒಂದು ಅಂಕಣದ ಜಗಲಿ ಅಂಗಡಿ ಸಾಮಾನ್ಯವಾಗಿ ಈ ಅಳತೆಯೊಳಗೇ ಇರುತ್ತದೆ. ಒಳಜಗಲಿಯನ್ನು ಸೇರಿಸಿಕೊಂಡು ಬೆಳೆದ ಅಂಗಡಿ ಇರುವುದಿಲ್ಲ. ಶಾಸಕರ ಮನಸ್ಸಿನಲ್ಲಿ ಜಗಲಿ ಇರಲಿಲ್ಲವಾದರೂ ಕಾನೂನಿನ ಗೆರೆ ಜಗಲಿಯ ಅಂಚಿನಲ್ಲೇ ಬಿದ್ದದ್ದು ಸ್ವಾರಸ್ಯಕರ.

ಇದೇ ಬಗೆಯ ಪ್ರಸಂಗ ಮಲೇಶಿಯದ ಪೆನಾಂಗಿನಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಜಾರ್ಜ್‌ಟೌನಿನ ಅಂಗಡಿಮನೆಗಳ ಮುಂದೆ ಎಲ್ಲರೂ ನಡೆಯಬಹುದಾದ ಮಾಡಿನ ದಾರಿಯಿದೆ. ಅದನ್ನು 'ಐದಡಿ ದಾರಿ' ಎನ್ನುತ್ತಾರೆ. 1822ರ ಸಿಂಗಪುರದ ನಗರ ಯೋಜನೆಯಲ್ಲಿ ರಾಫಲ್ಸ್ ಅಂಥ ದಾರಿಯನ್ನು ಕಡ್ಡಾಯಗೊಳಿಸಿದ್ದನು. ಅಲ್ಲಿ ಸರಕಾರ ಆಜ್ಞೆಯಿಂದ ಪಡೆದುದನ್ನು ಇಲ್ಲಿ ರೂಢಿಯೇ ಕೊಟ್ಟಿತ್ತು. 1966ರ ಮಲೇಶಿಯದ ಬಾಡಿಗೆ ನಿಯಂತ್ರಣ ಕಾಯ್ದೆಯ ರಕ್ಷಣೆ 2000ದ ಆರಂಭದಿಂದ ಇಲ್ಲವಾದಾಗ ಅನೇಕ ಬಾಡಿಗೆದಾರರು ಮನೆ ಬಿಟ್ಟರು, ಮನೆಗಳು ಬರಿದಾದವು. 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಗೋಡೆಗಳಿದ್ದವು. ವೃತ್ತಿ ಹಿಡಿದು ಬದುಕುತ್ತಿದ್ದ ಹಲವರು ಇರಲಿಲ್ಲ. ಲಂಡನ್ನಿನ ಉದಾಹರಣೆ ಇದಕ್ಕೆ ವಿರುದ್ಧವಾದುದು. 1756ರಲ್ಲಿ ಅಲ್ಲಿ ತೆರೆದ ಹೊಸ ರಸ್ತೆಯಿಂದ 50 ಅಡಿ ಬಿಟ್ಟು ಕಟ್ಟಬೇಕೆಂದು ಕಾಯ್ದೆಯಿದ್ದರೂ, ಮುಂದಿನ ಶತಮಾನದಲ್ಲಿ ಸಾಲುಮನೆಗಳ ಮುಂದಿನ ತೋಟಗಳಲ್ಲಿ ಒಂದಂತಸ್ತಿನ ಅಂಗಡಿಗಳು ತುಂಬಿಕೊಂಡವು. ಅಂದರೆ ಮನೆ ಮತ್ತು ಬೀದಿಯ ನಡುವಿನ ಎಡೆ ಎಲ್ಲಿದೆಯೋ ಅಂಗಡಿ ಅಲ್ಲಿಗೆ ಬರುತ್ತದೆ. ಆ ಎಡೆಗೆ ಮೊದಲೇ ಮಾಡೂ ಬಳಕೆಯ ಹಕ್ಕೂ ಇದ್ದುದು ನಮ್ಮ ಜಗಲಿಯ ವಿಶೇಷ.

ಈಗ ಉಳಿವಿನ ಪ್ರಶ್ನೆ. ಹಳ್ಳಿಯ ಹಿಸೆಮನೆಗೆ ಬಾಡಿಗೆಯಿಲ್ಲ. ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ಏಳು ಅಂಕಣದ ಮಾಡಿಗೆ ಕೈಯಾಡಿಸುವವರು ಯಾರು? ಸೋರಿದ ಮನೆಯನ್ನು ಬಿಚ್ಚಿ ಮರ ಮಾರುವುದೇ ಸುಲಭವಾಗುತ್ತದೆ. ಅರಣ್ಯ ಕಾನೂನುಗಳ ಕಾರಣ ಹೊಸ ಸಾಗುವಾನಿ, ಬೀಟೆ ದುರ್ಲಭವಾದುದರಿಂದ ಹಳೆಯ ಕಂಬ, ಬಾಗಿಲುಗಳಿಗೆ ಬೇಡಿಕೆಯಿದೆ. ಅವು ರೆಸಾರ್ಟು, ಬಂಗಲೆಗಳ ಅಲಂಕಾರವಾಗುತ್ತವೆ. ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ವಿಜಯನಾಥ ಶೆಣೈಯವರು ಕುಂಜೂರು ಚೌಕಿಮನೆಯಂಥವನ್ನು ಬಿಚ್ಚಿ ತಂದು ಮರಳಿ ನಿಲ್ಲಿಸಿದ್ದು ದೊಡ್ಡ ಕೆಲಸ. ಆದರೆ ಆ ಮಾರ್ಗ ಒಂಟಿ ಮನೆಗೆ ಸಾಧ್ಯ, ಸಾಲಿಗೆ ಸಾಧ್ಯವಿಲ್ಲ. ಸಾಲನ್ನು ಅದರ ಸ್ಥಳದಲ್ಲೇ ಉಳಿಸುವ ಶಕ್ತಿ ಈವರೆಗೆ ಇದ್ದುದು ಅಂಗಡಿಯ ಬಾಡಿಗೆಗೆ ಮಾತ್ರ.

ಅದೇ ಅಂಗಡಿ ಸಾಲನ್ನು ಕೆಡಿಸಲು ಆರಂಭಿಸಿದ್ದು ರೋಲಿಂಗ್ ಶಟರಿನಿಂದ. ಹಲಗೆಗೆ ಕಂಬ ಬೇಕು, ಶಟರಿಗೆ ಕಂಬ ಅಡ್ಡಿ. ನಡುವಿನ ಮುಂಡಿಗೆಯನ್ನು ತೆಗೆದು ಕಬ್ಬಿಣದ ತೊಲೆ ಕೂರಿಸುತ್ತಾರೆ. ಗಿರಾಕಿ ಒಳಗೆ ಬರಲೆಂದು ಜಗಲಿಯನ್ನು ಬೀದಿಯ ಮಟ್ಟಕ್ಕೆ ಕಡಿಯುತ್ತಾರೆ. ಕಡಿಯದಿದ್ದರೂ ಜಗಲಿ ತಗ್ಗುತ್ತಲೇ ಇದೆ, ಏಕೆಂದರೆ ಪ್ರತಿ ಡಾಂಬರಿನ ಪದರಕ್ಕೂ ರಸ್ತೆ ಏರುತ್ತದೆ. ಮುಂದಿನ ಹಂತದಲ್ಲಿ ಒಬ್ಬರು ತಮ್ಮ ಅಂಕಣಗಳನ್ನು ಕೆಡವಿ ಸಿಮೆಂಟಿನ ಕಟ್ಟಡ ಎಬ್ಬಿಸುತ್ತಾರೆ. ಆಗ ಮೇಲೆ ಹೇಳಿದ ಮಾಡಿನ ಜಾಣತನವೇ ತಿರುಗುಬಾಣವಾಗುತ್ತದೆ. ನಡುವೆ ಕಡಿದ ಮಾಡಿನ ತುದಿಯಲ್ಲಿ ಪಕಾಸು, ರೀಪುಗಳು ಮಳೆಗೆ ತೆರೆದುಕೊಳ್ಳುತ್ತವೆ. ಎರಡು ಮನೆಗಳ ನಡುವೆ ಬೆಚ್ಚಗಿದ್ದ ಮಣ್ಣಿನ ಗೋಡೆ ಹೊರಗೋಡೆಯಾಗುತ್ತದೆ. ಹಳ್ಳಿಯಾದರೆ ಅದಕ್ಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಪೇಟೆಯಲ್ಲಿ ತಗಡು ಬಡಿಯುತ್ತಾರೆ, ಅದರ ಹಿಂದೆ ನೀರು ಇಳಿಯುತ್ತದೆ. ಕೆಲವು ಮಳೆಗಾಲಗಳಲ್ಲಿ ಪಕ್ಕದ ಮನೆಯೂ ಕಟ್ಟಿಸಲೇಬೇಕಾದ ಸ್ಥಿತಿಗೆ ಬರುತ್ತದೆ. ಇದನ್ನು ಒಡೆಯರ ದುರಾಸೆಯೆಂದು ವಿವರಿಸುವುದು ಅನ್ಯಾಯ.

1958ರ ಕೇಂದ್ರ ಕಾಯ್ದೆ ಮತ್ತು 1961ರ ರಾಜ್ಯ ಕಾಯ್ದೆಗಳು ಪ್ರಾಚೀನ ಸ್ಮಾರಕಗಳಿಗಾಗಿ ರೂಪುಗೊಂಡವು. ಜನ ವಾಸಿಸುವ, ವ್ಯಾಪಾರ ನಡೆಯುವ ಸಾಲಿಗೆ ಅವುಗಳ ನಿರ್ಬಂಧ ಹೊಂದುವುದಿಲ್ಲ. ಹೊಂದಿಸಬೇಕೆಂಬುದು ನನ್ನ ಅಭಿಪ್ರಾಯವೂ ಅಲ್ಲ. ಅಕಾಡೆಮಿ, ವಿಶ್ವವಿದ್ಯಾಲಯಗಳು ಮಾಡಬಹುದಾದದ್ದು ದಾಖಲೀಕರಣ. ಇದರಲ್ಲಿ ಒಂಟಿ ಮನೆಯನ್ನಲ್ಲ, ಇಡೀ ಸಾಲನ್ನು ಘಟಕವೆಂದು ಹಿಡಿಯಬೇಕು. ಅಂಕಣಗಳ ಅಗಲ, ರಸ್ತೆಯಿಂದ ಜಗಲಿಯ ಇಂದಿನ ಎತ್ತರ, ಹಲಗೆಯ ತೋಡು ಮತ್ತು ಅಂಕಿಗಳು, ಎರಡು ಹೊಸ್ತಿಲುಗಳ ನಡುವಿನ ಅಂತರ, ಹಿಸೆಪತ್ರದಲ್ಲಿ ಜಗಲಿಯನ್ನು ಯಾರ ಪಾಲಿಗೆ ಬರೆದಿದೆ ಎಂಬ ವಿವರ, ಬಾಡಿಗೆದಾರರ ವೃತ್ತಿಗಳ ಅನುಕ್ರಮ ಇವಿಷ್ಟನ್ನು ಒಂದೇ ನಕ್ಷೆಯ ಮೇಲೆ ತರಬೇಕು. ಅಳತೆಯನ್ನು ಸಾಲಿನ ನಡುವಿನ ಸುಂದರ ಮನೆಯಿಂದಲ್ಲ, ಹೊಸ ಕಟ್ಟಡಕ್ಕೆ ತಗಲಿದ ಅಂಚಿನ ಮನೆಯಿಂದ ಆರಂಭಿಸುವುದು ಸರಿ. ಬರುವ ಮಳೆಗಾಲದಲ್ಲಿ ಮೊದಲು ನೆನೆಯುವ ಗೋಡೆ ಅಲ್ಲಿಯದು.